ಮಹಾಂತಮ್ಮನ ಮೊಬೈಲಿಗೆ ಬಂದವರು

ದುರ್ಗಿಗುಡಿಯ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಗಳು ಬೆಳಿಗ್ಗೆ ಬನಿಯನ್ನಿನಲ್ಲಿ ಕನ್ನಡಿಯೆದುರು ನಿಂತು ಭಾಷಣ ಅಭ್ಯಾಸ ಮಾಡಿ, ಬೆನ್ನ ಹಿಂದೆ ಮೊಬೈಲಿಟ್ಟು ವಿಡಿಯೋ ತೆಗೆದುಕೊಂಡಿದ್ದರು. ಭದ್ರಾವತಿ ಬಸ್ಸಿನಲ್ಲಿ ಮುಂದಿನ ಸೀಟಿನ ಮಗಳು ಮಾನಸಳಿಗೆ ಅದನ್ನು ತೋರಿಸುವ ಆಸೆ. ಕಳಿಸಲು ಹೊರಟಾಗ ಮೊಬೈಲು ತೋರಿಸಿದ ಹತ್ತಿರದ ಫೋನುಗಳ ಪಟ್ಟಿಯಲ್ಲಿ ಅವಳ ಹೆಸರಿನ ಕೆಳಗೇ ‘ಮಹಾಂತಮ್ಮ ಕ್ಯಾಂಟೀನ್’ ಎಂದಿತ್ತು. ಬಸ್ಸು ರಸ್ತೆಯುಬ್ಬಿನ ಮೇಲೆ ಕುಪ್ಪಳಿಸಿತು; ಬೆರಳು ಒಂದು ಮೆಟ್ಟಿಲು ಕೆಳಗಿಳಿಯಿತು, ವಿಡಿಯೋ ಅತ್ತ ಹೊರಟೇಬಿಟ್ಟಿತು.

ಇನ್ನೊಂದು ಗಂಟೆಗೆ ಭದ್ರಾವತಿಯ ನ್ಯೂ ಟೌನಿನ ಹಿರಿಯರೆದುರು ಅವರ ಭಾಷಣ. ವಿಷಯ: ‘ಮೊಬೈಲಿನಲ್ಲಿ ಎಚ್ಚರ’. ಅವರಿಗಿಂತ ಮೊದಲು ಬನಿಯನ್ನಿನ ವಿಡಿಯೋ ಅಲ್ಲಿಗೆ ತಲುಪಿದರೆ ಮುಗಿಯಿತು ಮರ್ಯಾದೆ.

ಪಕ್ಕದ ಸಾಲಿನಲ್ಲಿ, ಸೌಟುಗಳ ಚೀಲ ಹಿಡಿದಿದ್ದ ಹೆಂಗಸಿನ ಮೊಬೈಲು ಟಿಣ್ ಎಂದಿತು. ಅವಳು ಒಪ್ಪಿಗೆ ಒತ್ತಿಯೇಬಿಟ್ಟಳು.

“ಅಯ್ಯೋ, ಅದು ನಂದು ಕಣಮ್ಮ! ಗೊತ್ತಿಲ್ದೋರು ಕಳ್ಸಿದ್ದನ್ನ ಹಂಗೇ ತಗೊಂಡ್ಬಿಡೋದಾ?”

“ಬಾಗ್ಲಿಗೆ ಬಂದೋರ್ನ ಯಾರು ಏನು ಅಂತ ವಿಚಾರ್ಸಿ ಎಲೆ ಹಾಕ್ತಾರಾ ಸಾರ್?”

ಮಹಾಂತಮ್ಮ ಇಪ್ಪತ್ತು ವರ್ಷದಿಂದ ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮುದ್ದೆ ಕಟ್ಟುತ್ತಿದ್ದಾಳೆ. ತವರಿನಲ್ಲಿ ಎಸರಿಗೆ ಅಕ್ಕಿ ಹಾಕುವಾಗ, ಹೇಳದೆ ಬರುವ ನೆಂಟನಿಗೆಂದು ಒಂದು ಹಿಡಿ ಹೆಚ್ಚು ಹಾಕುತ್ತಿದ್ದರು. ಅವಳೂ ಹಾಕುತ್ತಾಳೆ. ಮೊಬೈಲನ್ನೂ ಹಾಗೇ, ಯಾರು ಬೇಕಾದರೂ ಕಳಿಸಲಿ ಎಂದು ತೆರೆದಿಟ್ಟಿದ್ದಾಳೆ.

“ನೋಡಿ, ಇವ್ರೆಲ್ಲಾ ಬಂದೋರು,” ಎಂದು ಪರದೆ ಸರಿಸಿದಳು. ಯಾರದೋ ಮಗುವಿನ ಮೊದಲ ಹೆಜ್ಜೆ. ಭದ್ರಾ ಹೊಳೆಯ ಬಂಡೆಯ ಮೇಲೊಂದು ಕೊಕ್ಕರೆ. ಹೆಸರು ಗೊತ್ತಿಲ್ಲದ ಮದುಮಗಳ ಅರಿಶಿನದ ಕೆನ್ನೆ. ತಮಿಳಿನಲ್ಲಿ ಜೋಗುಳ ಹಾಡುವ ಅಜ್ಜಿ. ಮಧ್ಯಾಹ್ನ ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ ಇವರನ್ನೆಲ್ಲ ಒಮ್ಮೆ ಮಾತಾಡಿಸುವುದು ಅವಳ ರೂಢಿ.

“ಆ ಮಗು ಈಗ ಸ್ಕೂಲಿಗೆ ಹೋಗ್ತಿರತ್ತೆ, ಅಲ್ವಾ ಸಾರ್?”

ಕಿಟಕಿಯಾಚೆ ಮಂಜು ಕರಗುತ್ತ ಬಸ್ಸಿನ ಜೊತೆಗೇ ಬರುತ್ತಿತ್ತು. ಚಿಲಕವಿಲ್ಲದ ಮನೆಯೊಂದರಲ್ಲಿ ಆ ಮಗು, ಆ ಮದುಮಗಳು, ಆ ಅಜ್ಜಿ ಸದ್ದಿಲ್ಲದೆ ಓಡಾಡುತ್ತಿರುವಂತೆ, ಕೊಕ್ಕರೆ ಅಂಗಳಕ್ಕಿಳಿದಂತೆ ಮೇಷ್ಟ್ರಿಗೆ ತೋರಿತು. ಜೋಂಪು ಹತ್ತಿದ ಹಾಗಾಯಿತು. ಬನಿಯನ್ನಿನ ನೆನಪಾಗಿ ಬೆಚ್ಚಿದರು.

“ಇವನ್ನ ಬೇರೆಯೋರಿಗೆ ಕಳಿಸ್ತೀಯೇನಮ್ಮ?”

“ಛೆ! ಬಂದ ನೆಂಟರನ್ನ ಪಕ್ಕದ್ಮನೆಗೆ ಅಟ್ತಾರಾ?” ಎಂದವಳೇ ಅವರ ವಿಡಿಯೋವನ್ನು ಕಿವಿಗೆ ಹಿಡಿದು, ಕಣ್ಣಿಗೆ ಹಿಡಿದು, ಕೊನೆಯವರೆಗೂ ನೋಡಿದಳು. ಮಾಚೇನಹಳ್ಳಿ ಬಂತು. ಚೀಲ ಎತ್ತಿಕೊಂಡು ಎದ್ದಳು. “ಅಳಿಸ್ಲಾ ಸಾರ್?”

ಹೌದು ಎನ್ನಲೆಂದೇ ಮೇಷ್ಟ್ರು ಬಾಯಿ ತೆರೆದರು. ಆದರೆ ಕೊಕ್ಕರೆಗೂ ಅಜ್ಜಿಗೂ ನಡುವೆ ತಮಗೂ ಒಂದು ಮಣೆ ಹಾಕಿದ್ದಾಳಲ್ಲ ಎನಿಸಿತು.

“ಇರ್ಲಿ ಬಿಡಮ್ಮ. ಭಾಷಣ ಹೆಂಗಿತ್ತು, ಅದು ಹೇಳು.”

“ಬನೀನು ಹಿಂದ್ಗಡೆ ಹರ್ದಿದೆ ಸಾರ್.”