ಇಲ್ಲಿ ಬಿಟ್ರೆ ಎಲ್ಲೂ ಇಲ್ಲ
ಸುಲಾವೆಸಿಯ ಪಕ್ಕದ ಆ ಪುಟ್ಟ ದ್ವೀಪದಲ್ಲಿ ಯುಸ್ರಾನ್ ಮೇಷ್ಟ್ರು "ಅಗೋ, ನಮ್ಮ ಅಪರೂಪದ ಕಾಗೆ!" ಎಂದು ಕಿರುಚಿ ಪಕ್ಕದ ಮನೆಯ ಕರಿಕೋಳಿಯ ಫೋಟೋ ಹೊಡೆದಾಗ ಊರೆಲ್ಲ ನಕ್ಕಿತು, ಊರವರು ಗೌರವದಿಂದ 'ಪಾಕ್' ಎಂದು ಕರೆಯುವ, ಕಾಡು ಕಾಯುವ ಪಾಕ್ ಲಾಹಾಮು ಮಾತ್ರ ಗಂಭೀರವಾಗಿ, "ಇಂಥಾ ಕೋಳೀನೂ ಇಲ್ಲಿ ಬಿಟ್ರೆ ಎಲ್ಲೂ ಇಲ್ಲ ಮೇಷ್ಟ್ರೇ" ಎಂದರು. ಅವರ ಬಾಯಲ್ಲಿ ಊರಿನ ಸೊಳ್ಳೆಯೂ ಜಗತ್ತಿಗೊಂದೇ, ಗುಂಡಿಬಿದ್ದ ರಸ್ತೆಯೂ ಜಗತ್ತಿಗೊಂದೇ. ಹೆಂಡತಿಯ ಮೀನುಸಾರಿನ ಖಾರವಂತೂ ಕಡಲು ದಾಟಿದರೆ ಬದುಕದ ತಳಿ. ಪ್ರವಾಸಿಗಳು ಜಾರಿಬಿದ್ದರೆ ಆ ಕೆಸರಿಗೂ ಅದೇ ಬಿರುದು. ಆದರೆ ನಿಜವಾಗಿಯೂ ಇಲ್ಲಿ ಮಾತ್ರ ಇರುವ ಆ ಕಾಗೆಯ ಕೂಗು, ಕಾಡು ಕಡಿದ ಮೇಲೆ ಯಾರ ಕಿವಿಗೂ ಬಿದ್ದಿಲ್ಲ. ಪಾಕ್ ಲಾಹಾಮು ಮಾತ್ರ ದಿನಾ ಬೆಳಿಗ್ಗೆ ಉಳಿದ ಒಂದು ಮರದಡಿ ನಿಂತು, ಆ ಕಾಗೆಯಂತೆಯೇ ಕೂಗಿ, ಉತ್ತರಕ್ಕೆ ಕಾಯುತ್ತಾರೆ. ಮೇಷ್ಟ್ರು ಒಮ್ಮೆ ಕೇಳಿಯೇಬಿಟ್ಟರು: "ಇಲ್ಲೂ ಇಲ್ಲ ಅಂತಾದ್ರೆ, ಪಾಕ್?" "ಹಾಗಾದ್ರೆ ಎಲ್ಲೂ ಇಲ್ಲ, ಮೇಷ್ಟ್ರೇ."