ಇಂಗ್ಲಿಷಿನಲ್ಲಿ ಹಾಕಿದ ಸಹಿ

ಅಪ್ಪ ಉಡುಪಿ ಕಡೆಯಿಂದ ಬಂದು ಪುಣೆ ಕ್ಯಾಂಪಿನಲ್ಲಿ ಹೋಟೆಲು ಕಟ್ಟಿದರು, ನನ್ನನ್ನು ಕಾನ್ವೆಂಟಿಗೆ ಹಾಕಿದರು. ಇಪ್ಪತ್ತರ ಪ್ರಾಯದಲ್ಲಿ ನನಗೆ ಇಂಗ್ಲಿಷ್ ಪೊಯೆಮ್‌ಗಳು ಬಾಯಿಪಾಠ. ಕನ್ನಡ ಮನೆಯಲ್ಲಿ ಮಾತಾಡಲಿಕ್ಕಷ್ಟೇ, ಒಂದಕ್ಷರ ಓದಲು ಬರುತ್ತಿರಲಿಲ್ಲ. ಫ್ರ್ಯಾಂಕ್ಲಿ, ಅದೊಂದು ಜಂಬವೇ ಆಗಿತ್ತು.

ಬಾಂಗ್ಲಾ ಯುದ್ಧದ ವರ್ಷ ಹೋಟೆಲಿನ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಗುಲ್ಬರ್ಗಾ ಕಡೆಯ ಕೂಲಿಯವರು ಹಿತ್ತಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲೊಬ್ಬಳ ಮಗ ಸೈನ್ಯದಲ್ಲಿ ಜವಾನ. ರಜೆಗೆ ಬಂದವನು ತಾಯಿಯನ್ನು ಕೂರಿಸಿ ತಾನೇ ಇಟ್ಟಿಗೆ ಹೊರುತ್ತಿದ್ದ. ನಾನು ಎದುರಾದರೆ ಪಕ್ಕಕ್ಕೆ ಸರಿದು, "ಕಾನ್ವೆಂಟ್ ಮೇಡಮ್ಮಾರು ಹೊಂಟಾರ, ದಾರಿ ಬಿಡ್ರಪ್ಪೋ!" ಎಂದು ಖಾಲಿ ಮೆಟ್ಟಿಲಿಗೆ ಹೇಳುತ್ತಿದ್ದ. ನಗು ಬರುತ್ತಿತ್ತು. ಆಮೇಲೆ ನಗುವಷ್ಟೇ ಆಗಿ ಉಳಿಯಲಿಲ್ಲ.

ರಜೆ ರದ್ದಾಯಿತು. ಹೊರಡುವಾಗ ಹೇಳಿದ: "ತಿರುಗಿ ಬಂದು ನಿಮ್ಮಪ್ಪಾರ ಮುಂದ ನಿಂತು ಕೇಳ್ತೀನ್ರಿ. ನಿಮ್ಮ ಮನಸ್ಸಿನ್ಯಾಗ ಏನದ, ಒಂದು ಚೀಟಿ ಬರೀರಿ. ಇಂಗ್ಲಿಷ್ ಬ್ಯಾಡ್ರಿ, ಸಾಹೇಬರ ಕಡೆ ಓದಿಸಿದ್ರ ಮರ್ಯಾದಿ ಹೋಗ್ತದ."

ಕನ್ನಡದಲ್ಲಿ ಬರೆಸಲು ನಾನು ಹಿಡಿದದ್ದು ನಮ್ಮ ಅಡುಗೆ ಭಟ್ಟರನ್ನು. ನನ್ನನ್ನು ಎತ್ತಿ ಆಡಿಸಿದವರು. ಅವರಿಗಿಂತ ಟ್ರಸ್ಟ್‌ವರ್ದಿ ಯಾರು? ಉಗ್ರಾಣದಲ್ಲಿ ಕೂತು ಹೇಳಿದೆ: "ಕಾಯುತ್ತೇನೆ. ಅಪ್ಪ ಒಪ್ಪದಿದ್ದರೂ ನಿಮ್ಮ ಜೊತೆಗೇ ಬರುತ್ತೇನೆ." ಭಟ್ಟರು ತಲೆ ತಗ್ಗಿಸಿ ಬರೆದರು. ಕೆಳಗೆ ನಾನೇ ಇಂಗ್ಲಿಷಿನಲ್ಲಿ ನೀಟಾಗಿ ಸಹಿ ಹಾಕಿದೆ. ನಾನೇ ಪೋಸ್ಟ್ ಮಾಡಿದೆ.

ಯುದ್ಧ ಎರಡೇ ವಾರದಲ್ಲಿ ಮುಗಿಯಿತು. ಅವನು ಬರಲಿಲ್ಲ; ಅವನ ಟ್ರಂಕು ಬಂತು.

ಒಂದು ಮಧ್ಯಾಹ್ನ ಅವನ ತಾಯಿ ಟ್ರಂಕಿನಲ್ಲಿ ಸಿಕ್ಕ ನನ್ನ ಕಾಗದ ಹಿಡಿದು ಬಂದಳು. "ಇಂಗ್ಲಿಷ್ ಸಹಿ ನೋಡಿ ಮರಾಠಿ ಮೇಸ್ತ್ರಿ ಹೇಳಿದ, ಇದು ನಿಮ್ಮದಂತ್ರಿ. ಏನ್ ಬರದೀರಿ, ಓದಿ ಹೇಳ್ರಿ ನಮ್ಮವ್ವಾ." ಓದಲು ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ಕಾಗದದ ಮೇಲೆ ಕಣ್ಣಿಟ್ಟು, ನಾನು ಬರೆಸಿದ್ದನ್ನೇ ನೆನಪಿನಿಂದ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹಂಗಾರ ಖುಷಿಲೇ ಹೋದ ಬಿಡ್ರಿ ನನ್ನ ಮಗ." ಕಾಗದ ನನ್ನ ಕೈಯಲ್ಲೇ ಇಟ್ಟು ಹೋದಳು. ಮಹಡಿ ಮುಗಿದು ಅವರೆಲ್ಲ ಬೇರೆ ಊರಿನ ಕೆಲಸಕ್ಕೆ ಹೊರಟುಹೋದರು.

ಅದನ್ನು ನಾನೇ ಓದಬೇಕೆಂಬ ಒಂದೇ ಆಸೆಗೆ ಒಂದನೇ ತರಗತಿಯ ಮಕ್ಕಳ ಪುಸ್ತಕ ತರಿಸಿ ಕನ್ನಡ ಕಲಿತೆ. ಈಗ ಬರೆಯುತ್ತಿರುವ ಈ ಅಕ್ಷರಗಳು ಆಗ ಕಲಿತವೇ. ನಾಲ್ಕು ತಿಂಗಳು ಬೇಕಾಯಿತು.

"ನನಗೆ ಮದುವೆ ಗೊತ್ತಾಗಿದೆ. ಕೂಲಿಯವರ ಮಗನಿಗೆ ಇಂಥ ಆಸೆ ತಕ್ಕದ್ದಲ್ಲ. ಇನ್ನು ಬರೆಯಬೇಡ."

ಕೆಳಗೆ ನನ್ನ ಸಹಿ. ಮಡಿಕೆಗಳು ಹರಿಯುವಷ್ಟು ಸಲ ಅವನು ಅದನ್ನು ತೆರೆದು ಓದಿದ್ದ.

ಅಡುಗೆಮನೆಗೆ ಹೋಗಿ ಭಟ್ಟರ ಮುಂದೆ ಕಾಗದ ಹಿಡಿದೆ. ಭಟ್ಟರು ಸೌಟು ಕೆಳಗಿಡಲಿಲ್ಲ. "ನಿನ್ನ ಒಳ್ಳೇದಕ್ಕೇ ಅಲ್ವಾ ಮಗಾ ಮಾಡಿದ್ದು? ಕೂತ್ಕೋ, ಸಾರು ಬಿಸಿ ಉಂಟು."

ನಾನು ಕೂತೆ. ಬಡಿಸಿದ್ದನ್ನು ಉಂಡೆ.