ಅತ್ತೆಗೆ ನಿದ್ದೆ ಬಂದ ಮಧ್ಯಾಹ್ನ

ನಮ್ಮತ್ತೆ ಮುನಿವೆಂಕಟಮ್ಮ ಬೆಂಗಳೂರಿನ ಸಾರಕ್ಕಿಯಲ್ಲೇ ಹುಟ್ಟಿ ಸಾರಕ್ಕಿಗೇ ಸೊಸೆಯಾದವರು. ಈಗ ನಮ್ಮ ಬಾಡಿಗೆ ಮನೆಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ದಂಟು, ಕೊತ್ತಂಬರಿ ಬೆಳೆದು ತಲೆ ಮೇಲೆ ಹೊತ್ತು ಮಾರಿದವರು. ಯಾವುದಕ್ಕೂ ಜಗ್ಗಿದ ಹೆಂಗಸಲ್ಲ.

ಹೋದ ವರ್ಷ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೀಮೋ ಆಯಿತು. ಡಾಕ್ಟರು ಚೆನ್ನಾಗಿಯೇ ನೋಡಿಕೊಂಡರು. ಆದರೆ ಅತ್ತೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಎಲ್ಲಿ ನೋವಾಗುತ್ತದೋ ಅಂತ ನಾವ್ಯಾರೂ ಅವರನ್ನು ಮುಟ್ಟುತ್ತಿರಲಿಲ್ಲ. ಮಾವ ಗಂಗಾಧರಯ್ಯನವರಂತೂ ಮಾತ್ರೆ, ನೀರು ಪಕ್ಕದಲ್ಲಿಟ್ಟು ದೂರದ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು.

ನಮ್ಮ ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ಶ್ವೇತಾ ರೇಕಿ ಮಾಡುತ್ತಾರೆ. ಜಪಾನಿನಿಂದ ಬಂದ ವಿದ್ಯೆಯಂತೆ. ಅತ್ತೆಯ ಸ್ಥಿತಿ ಕೇಳಿ, "ಒಂದ್ಸಲ ಮೇಲೆ ಬನ್ನಿ ಆಂಟಿ" ಅಂದರು.

"ಮಂತ್ರ ಗಿಂತ್ರ ಹಾಕ್ತೀಯೇನಮ್ಮ?" ಅತ್ತೆಗೆ ಅನುಮಾನ.

"ಇಲ್ಲ ಆಂಟಿ, ಸುಮ್ನೆ ಕೈ ಇಡ್ತೀನಿ. ಕೈಯಿಂದ ಪ್ರಾಣಶಕ್ತಿ ಹರಿಯುತ್ತೆ ಅಂತ ನಮ್ಮ ನಂಬಿಕೆ. ಕಾಯಿಲೆ ವಾಸಿ ಮಾಡ್ತೀನಿ ಅಂತ ಮಾತ್ರ ಹೇಳಲ್ಲ. ಮಾತ್ರೆ ಒಂದೂ ಬಿಡ್ಬಾರ್ದು. ಡಾಕ್ಟರನ್ನ ಒಂದ್ಮಾತು ಕೇಳಿ ಬನ್ನಿ."

ಹಗುರವಾಗಿ ಮುಟ್ಟುವುದಾದರೆ ಅಡ್ಡಿಯಿಲ್ಲ ಅಂದರು ಡಾಕ್ಟರು. ಒಂದು ಮಧ್ಯಾಹ್ನ ನಾನೇ ಕರೆದುಕೊಂಡು ಹೋದೆ. ಸೀರೆ ಬದಲಿಸುವುದಿಲ್ಲ, ಎಣ್ಣೆ ಹಚ್ಚುವುದಿಲ್ಲ, ತಿಕ್ಕುವುದಿಲ್ಲ. ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಬೇಕು, ಅಷ್ಟೇ.

"ಬೆಚ್ಚಗಾಗ್ಬಹುದು, ಜುಮ್ ಅನ್ಬಹುದು, ಏನೂ ಆಗ್ದೇನೂ ಇರ್ಬಹುದು. ಸಾಕು ಅನ್ನಿಸಿದ್ರೆ ಹೇಳಿ," ಅಂದ ಶ್ವೇತಾ ಎರಡೂ ಅಂಗೈ ಅತ್ತೆಯ ತಲೆ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಭುಜ, ಆಮೇಲೆ ಹೊಟ್ಟೆ. ಆಪರೇಷನ್ ಆದ ಕಡೆ ಮುಟ್ಟದೆ, ಒಂದು ಗೇಣು ಮೇಲೆ ಕೈ ಹಿಡಿದರು. ಅತ್ತೆಯ ಕಣ್ಣಂಚಿನಿಂದ ನೀರಿಳಿಯಿತು.

"ನೋವಾಯ್ತಾ ಅತ್ತೆ?"

"ಇಲ್ಲ ಕಣೇ ಅರ್ಪಿತ. ಆಸ್ಪತ್ರೇಲಿ ಎಲ್ರೂ ಮುಟ್ಟಿದ್ರು, ಸೂಜಿ ಚುಚ್ಚೋಕೆ. ಸುಮ್ನೆ ಮುಟ್ದೋಳು ಇವಳೊಬ್ಳೇ."

ಆಮೇಲೆ ಅಲ್ಲೇ ನಿದ್ದೆಹೋದರು. ಗೊರಕೆ ಕೇಳಿ ನನಗೆ ಅಳು ನಗು ಎರಡೂ ಬಂತು.

ಮನೆಗೆ ಬಂದು ಮಾವನಿಗೆ ಇದನ್ನೆಲ್ಲ ಹೇಳಿದೆ. ಮುಂದಿನ ಸಲ ಅತ್ತೆ ಮಲಗಿದ ಮೇಲೆ ನೋಡಿದರೆ, ಮಾವ ಶ್ವೇತಾ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾರೆ.

"ಈ ಕೆಲ್ಸ ನಂಗೂ ಬರುತ್ತೇನಮ್ಮ? ಗುದ್ದಲಿ ಹಿಡಿದ ಕೈ, ಒರಟು."

"ರೇಕಿಗೆ ದೀಕ್ಷೆ ಬೇಕು ಅಂಕಲ್. ಕೈ ಇಡೋಕೆ ಏನೂ ಬೇಡ, ಬನ್ನಿ," ಅಂತ ಶ್ವೇತಾ ಪಕ್ಕಕ್ಕೆ ಸರಿದರು. ಮಾವ ಹೆಂಡತಿಯ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು.

ಅತ್ತೆ ಕಣ್ಣು ಬಿಡಲಿಲ್ಲ. "ಯಾರ ಕೈ ಇದು, ಇಷ್ಟೊಂದು ಒರಟಾಗಿರೋದು?"

"ನಂದೇ ಕಣೇ."

"ಇರ್ಲಿ. ಹಂಗೇ ಇಟ್ಟಿರಿ."

ಮೊನ್ನೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂತ ಬಂತು. "ರೋಗ ತೆಗೆದೋರು ಡಾಕ್ಟರು, ನಿದ್ದೆ ಕೊಟ್ಟೋಳು ಶ್ವೇತಾ," ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಯಾರಿಗೆ ಸಲ್ಲಬೇಕಾದ ಋಣ ಅವರಿಗೇ. ಈ ಸಲ ಗೌರಿ ಹಬ್ಬಕ್ಕೆ ತಾವೇ ಮೆಟ್ಟಿಲು ಹತ್ತಿ, ತವರಿಗೆ ಬಂದ ಮಗಳಿಗೆ ಕೊಡುವ ಹಾಗೆ ಶ್ವೇತಾಗೆ ಬಾಗಿನ ಕೊಟ್ಟು ಬಂದರು.